ನಮ್ಮವನೇ ಕೊಂಡ ಓಣಿ

ಆ ಕಾಗದ ಓದಿದವಳು ನಾನು.

ಇದನ್ನು ಮೊದಲೇ ಹೇಳಿಬಿಡಬೇಕು. ನಮ್ಮ ಓಣಿಯಲ್ಲಿ ಪಿಯುಸಿ ಮುಗಿಸಿದ ಹೆಣ್ಣುಮಗಳು ನಾನೊಬ್ಬಳೇ. ಎಂಬತ್ತು ಮನೆಯ ಜನ ನನ್ನ ಬಾಯಿ ನೋಡುತ್ತ ಕುಂತಿದ್ದರು. ನಾನು ಓದಿದೆ. ಅವರು ಹೆಬ್ಬೆಟ್ಟು ಒತ್ತಿದರು. ಆಮೇಲೆ ಆದದ್ದಕ್ಕೆಲ್ಲ ಬೇರೆಯವರನ್ನು ಬೈಯುವ ಮೊದಲು ನನ್ನನ್ನು ನಾನು ಬೈದುಕೊಳ್ಳಬೇಕು.

ನಮ್ಮದು ಶಹಾಬಾದ್. ಊರ ಹೊರಗೆ, ಫರಸಿ ಕಲ್ಲು ತೆಗೆದು ತೆಗೆದು ಬರಿದಾದ ಒಂದು ಹಳೆಯ ಖಣಿ. ಅದರೊಳಗೆ ಮಳೆನೀರು ನಿಂತು ಹಸಿರುಗಟ್ಟಿತ್ತು. ಅದರ ದಂಡೆಗೆ ನಮ್ಮ ಮನೆಗಳು. ನಾವು ನೀರಖಣಿ ಓಣಿ ಅನ್ನುತ್ತಿದ್ದೆವು. ಊರವರು ಕೇರಿ ಅನ್ನುತ್ತಿದ್ದರು. ಹೊಲೆಯರು, ಮಾದಿಗರು, ವಡ್ಡರು, ನಾಲ್ಕಾರು ಸಾಬರ ಮನೆ. ಎಲ್ಲರದೂ ಸುತ್ತಲಿನ ಖಣಿಗಳಲ್ಲಿ ಕಲ್ಲಿನ ಕೆಲಸ. ಗಂಡಸರು ಕಲ್ಲಿನ ಪದರಿಗೆ ಉಳಿ ಇಟ್ಟು ಹೊಡೆದು, ಹಾರೆ ಹಾಕಿ ಎಬ್ಬಿಸುತ್ತಿದ್ದರು. ಹೆಂಗಸರು ತಲೆಗೆ ಸಿಂಬಿ ಇಟ್ಟುಕೊಂಡು ಹೊರುತ್ತಿದ್ದರು. ಎಷ್ಟೋ ಊರುಗಳ ಮನೆಗಳ ನೆಲ ನಮ್ಮ ಹೆಂಗಸರ ತಲೆಯಿಂದ ಇಳಿದದ್ದು. ನಮ್ಮ ಮನೆಗಳ ನೆಲ ಮಾತ್ರ ಮಣ್ಣು.

ಅವ್ವನ ಹೆಸರು ಸಾಬಮ್ಮ. ಹನ್ನೆರಡನೆಯ ವಯಸ್ಸಿಗೆ ಖಣಿಗೆ ಇಳಿದವಳು. ಈಗ ಅವಳು ತಲೆ ಎತ್ತಿ ಆಕಾಶ ನೋಡಲಾರಳು. ಕುತ್ತಿಗೆ ಹಿಂದಕ್ಕೆ ಬಾಗುವುದಿಲ್ಲ. ಮಳೆ ಬರುತ್ತದೋ ಇಲ್ಲವೋ ಎಂದು ನನ್ನನ್ನು ಕೇಳುತ್ತಾಳೆ. ಅಪ್ಪ ಕೋಡ್ಲಾದ ಕಡೆ ಗುತ್ತಿಗೆ ಕೆಲಸಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಸರ್ಕಾರದ ಒಂದು ಬಲ್ಬಿನ ಯೋಜನೆ ನಮ್ಮ ಮನೆಗೆ ಬಂದ ವರ್ಷ ನಾನು ಹುಟ್ಟಿದೆನಂತೆ. ಆ ಯೋಜನೆಯ ಹೆಸರನ್ನೇ ನನಗಿಟ್ಟರು, ಭಾಗ್ಯಜ್ಯೋತಿ.

ಅವ್ವನ ಜೋಡಿ ಭಾಗಮ್ಮ. ದೊಡ್ಡ ಚಪ್ಪಡಿ ಒಬ್ಬರಿಂದ ಏಳುವುದಿಲ್ಲ. ಒಬ್ಬರು ಎತ್ತಿ ಇನ್ನೊಬ್ಬರ ತಲೆಗೆ ಹೊರಿಸಬೇಕು. ಇಪ್ಪತ್ತು ವರ್ಷ ಅವರಿಬ್ಬರೂ ಒಬ್ಬರಿಗೊಬ್ಬರು ಹೊರಿಸಿದರು. ಭಾಗಮ್ಮನ ಎದೆಯಲ್ಲಿ ದೂಳು ಕೂತಿತು. ಮಾತಾಡಿದರೆ ಸಿಳ್ಳೆ ಹೊಡೆದಂತೆ ಉಸಿರು ಬರುತ್ತಿತ್ತು. ಮೂವತ್ತೆಂಟಕ್ಕೆ ಸತ್ತಳು. ಅವಳ ಮಗನಿಗೆ ಆಗ ಹದಿನೈದು. ಎರಡು ವರ್ಷ ನಮ್ಮ ಮನೆಯಲ್ಲೇ ಉಂಡ. ನನ್ನ ಪಕ್ಕದಲ್ಲಿ ಕುಂತು, ಅವ್ವ ಬಡಿದ ರೊಟ್ಟಿಯನ್ನು ನನ್ನ ತಾಟಿನಿಂದ ಕಸಿದು ತಿಂದ. ಅವ್ವನಿಗೆ ಚಿಗವ್ವ ಅನ್ನುತ್ತಿದ್ದ. ಒಂದು ದಿನ ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಪುಣೆಗೆ ಹೋದ.

ಅವನೇ ಚೌಡೇಶ. ಈಗ ನೀವೆಲ್ಲ ಅವನನ್ನು ಖಣಿ ಚೌಡೇಶ ಅನ್ನುತ್ತೀರಿ.

ಪುಣೆಯ ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತ ಅವನು ರ್‍ಯಾಪ್ ಹಾಡುವುದನ್ನು ಕಲಿತ. ನಮ್ಮ ಮಾತಿನಲ್ಲೇ ಹಾಡಿದ. ದೂಳು, ಉಳಿ, ಅವ್ವನ ಕೆಮ್ಮು, ಕೇರಿಯವರೆಂದು ಚಹಾದ ಕಪ್ಪು ಬೇರೆ ಇಟ್ಟ ಹೋಟೆಲು, ಎಲ್ಲ ಹಾಡಾಯಿತು. ಮೊದಲನೆಯ ವಿಡಿಯೋ ನಮ್ಮ ಓಣಿಯಲ್ಲೇ ತೆಗೆದ. ನಮ್ಮ ಬಾಗಿಲು, ನಮ್ಮ ಕೊಡ, ಅವ್ವನ ಒಡೆದ ಹಿಮ್ಮಡಿ ಅದರಲ್ಲಿದ್ದವು. ಒಂದು ಕೋಟಿ ಜನ ನೋಡಿದರು. ಹೆಸರು ಬಂತು, ಹಿಂದೆಯೇ ದುಡ್ಡೂ ಬಂತು. ನಮ್ಮ ಓಣಿಗೆ ಕಾಲಿಡದ ಊರ ಹುಡುಗರು ನಮ್ಮ ಗೋಡೆಗೆ ಒರಗಿ ಸೆಲ್ಫಿ ತೆಗೆದುಕೊಂಡರು. ನಮಗೆ ಹೆಮ್ಮೆಯಾಗಿತ್ತು. ಸುಳ್ಳು ಯಾಕೆ ಹೇಳಲಿ, ಭಾಳ ಹೆಮ್ಮೆಯಾಗಿತ್ತು.

ಮೂರು ವರ್ಷದ ಹಿಂದೆ, ಚಳಿಗಾಲದಲ್ಲಿ ಅವನು ಓಣಿಗೆ ಬಂದ. ಮೂರು ಕಾರು. ಬಾಬಾಸಾಹೇಬರ ಸಮುದಾಯ ಭವನದ ಮುಂದೆ ಚಾಪೆ ಹಾಸಿದ್ದೆವು. ಅವನು ಕುರ್ಚಿ ಬೇಡವೆಂದು ಚಾಪೆಯ ಮೇಲೇ ಕುಂತ. ಎಲ್ಲರಿಗೂ ಜೈಭೀಮ್ ಅಂದ. ಅವ್ವನ ಕೈ ಹಿಡಿದುಕೊಂಡೇ ಮಾತಾಡಿದ.

"ಈ ಜಾಗಾ ಯಾರ ಹೆಸರಿಲೆ ಅದ ಗೊತ್ತದೇನು ನಿಮಗ? ಕಲಬುರಗ್ಯಾಗ ಕುಂತ ಒಬ್ಬ ಸಾಹುಕಾರಂದು. ಅವ ಇದನ್ನ ಮಾರಾಕತ್ತಿದ್ದ. ಬ್ಯಾರೆ ಯಾರರೆ ತಗೊಂಡಿದ್ರ ನಾಳಿ ನಿಮ್ಮನ್ನ ಹೊರಗ ಹಾಕ್ತಿದ್ರು. ಅದಕ್ಕ ನಾನೇ ತಗೊಂಡೀನಿ. ನಮ್ಮ ಓಣಿ ಈಗ ನಮ್ಮದು!"

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹಲಗೆ ಬಾರಿಸಿದರು. ಅವ್ವ ಅತ್ತಳು.

ಅವನ ಜೊತೆಗೆ ಬಂದಿದ್ದ ರಮೇಶಕುಮಾರ ಒಂದು ದೊಡ್ಡ ಚಿತ್ರ ಬಿಡಿಸಿ ತೋರಿಸಿದ. ಅವನು ಚೌಡೇಶನ ಮ್ಯಾನೇಜರ್. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ದನಿ. ಚಿತ್ರದಲ್ಲಿ ಖಣಿಯ ನೀರು ನೀಲಿಯಾಗಿತ್ತು. ದೋಣಿಗಳಿದ್ದವು. ಸುತ್ತ ಹೂವಿನ ಗಿಡ. ಒಂದು ಮೂಲೆಗೆ ಸಾಲಾಗಿ ಪಕ್ಕಾ ಮನೆಗಳು.

"ಇವು ನಿಮ್ಮ ಮನಿ" ಅಂದ ರಮೇಶಕುಮಾರ. "ಎಂಟು ತಿಂಗಳು ಬ್ಯಾರೆ ಕಡಿ ಇರ್ರಿ. ಬಂದು ಹೊಸ ಮನ್ಯಾಗ ಕುಂದ್ರಿ. ಇಲ್ಲೇ ಕೆಲಸಾನೂ ಸಿಗ್ತದ."

ಉಳಿ ಹರಿತ ಮಾಡುವ ನಬೀಸಾಬ್ ಎದ್ದು ನಿಂತ. ಎಪ್ಪತ್ತರ ಮುದುಕ. ಇಡೀ ಓಣಿಯ ಉಳಿಗಳನ್ನು ತಿದಿಯೊತ್ತಿ ಕಾಸಿ ಕೊಡುತ್ತಿದ್ದವನು. ನಮ್ಮ ಮನೆಗಳ ಹಕ್ಕುಪತ್ರಕ್ಕಾಗಿ ಹತ್ತೊಂಬತ್ತು ವರ್ಷ ಕಚೇರಿಗೆ ಅಲೆದವನೂ ಅವನೇ.

"ಬೇಟಾ ಚೌಡೇಶ, ಹಕ್ಕುಪತ್ರದ ಅರ್ಜಿ ಅದ ಅಲ್ಲ, ಅದರದು ಹ್ಯಾಂಗ? ಈ ಸಲ ಸರ್ವೆ ಆಗ್ಯದ. ಪಟ್ಟಿನ್ಯಾಗ ನಮ್ಮ ಹೆಸರು ಬಂದಾವ."

ಚೌಡೇಶ ನಕ್ಕ. "ಚಾಚಾ, ಹಕ್ಕುಪತ್ರ ಯಾರ ಮ್ಯಾಲ ಕೇಳ್ತಿ ನೀ? ಆ ಸಾಹುಕಾರನ ಮ್ಯಾಲ ಕೇಳ್ತಿದ್ದಿ. ಈಗ ಜಾಗಾ ನಂದು. ನನ್ನ ಮ್ಯಾಲೇ ಕೇಳ್ತೇನು?"

ಜನ ನಕ್ಕರು. ನಬೀಸಾಬ್ ಕೂತುಬಿಟ್ಟ.

ಮರುದಿನ ರಮೇಶಕುಮಾರ ಕಾಗದ ತಂದ. ನನ್ನ ಕೈಗೇ ಕೊಟ್ಟ. "ಓದಿದ ಹುಡುಗಿ ನೀ. ನೀನೇ ಓದಿ ಹೇಳಮ್ಮ. ನಾವು ಹೇಳಿದ್ರ ನಂಬಂಗಿಲ್ಲ ಜನ."

ಆ ಮಾತು ನನ್ನ ತಲೆಗೇರಿತು. ನಾಲ್ಕು ಪುಟ. ಕಚೇರಿಯ ಕನ್ನಡ. ನಿವಾಸಿಗಳು ಸ್ವಇಚ್ಛೆಯಿಂದ ಅರ್ಜಿಯನ್ನು ಹಿಂಪಡೆಯುತ್ತಾರೆ ಎಂದಿತ್ತು. ತಾತ್ಕಾಲಿಕ ವಸತಿಗೆ ಸ್ಥಳಾಂತರಗೊಳ್ಳುತ್ತಾರೆ ಎಂದಿತ್ತು. ಮೂರನೆಯ ಪುಟದಲ್ಲಿ ಒಂದು ಸಾಲು. ಸದರಿ ಸ್ವತ್ತಿನ ಮೇಲೆ ನಿವಾಸಿಗಳಿಗೆ ಇನ್ನು ಮುಂದೆ ಯಾವುದೇ ಹಕ್ಕು ಇರತಕ್ಕದ್ದಲ್ಲ.

ನಾನು ನಿಲ್ಲಿಸಿದೆ. "ಇದು ಯಾನ್ರಿ ಸರ್?"

"ಅದು ಎಲ್ಲಾ ಕಾಗದದಾಗೂ ಇರ್ತದಮ್ಮ. ಬ್ಯಾಂಕಿನವರಿಗಿ ತೋರಸಾಕ. ಮನಿ ಕಟ್ಟಾಕ ಲೋನ್ ಬೇಕಲ್ಲ. ಅದನ್ನ ಓದಿ ಜನರನ್ನ ಹೆದರಸಬ್ಯಾಡ."

ನಾನು ಆ ಸಾಲನ್ನು ಓದಲಿಲ್ಲ. ಕಣ್ಣು ದಾಟಿಸಿ ಮುಂದಿನ ಸಾಲಿಗೆ ಹೋದೆ. ಯಾರಿಗೂ ಗೊತ್ತಾಗಲಿಲ್ಲ.

ಮನೆ ಮನೆಗೆ ಹೋಗಿ ಹೆಬ್ಬೆಟ್ಟು ಹಾಕಿಸಿದವಳು ಅವ್ವ. ಶಾಯಿಯ ಡಬ್ಬಿ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಅನುಮಾನ ಮಾಡಿದವರಿಗೆ ಒಂದೇ ಮಾತು. "ನಾ ಉಣಿಸಿದ ಕೂಸದು. ಅವನ ಮ್ಯಾಲ ನಂಬಿಕಿ ಇಲ್ಲಾಂದ್ರ ನನ್ನ ಮ್ಯಾಲೂ ಇಲ್ಲಾಂತ ಹೇಳ್ರಿ." ಕಡೆಗೆ ನಬೀಸಾಬನ ಮನೆಗೆ ಹೋದಳು. ಅವನು ಬಹಳ ಹೊತ್ತು ಹೆಬ್ಬೆಟ್ಟು ನೋಡಿಕೊಂಡ. ಬೆಂಕಿಯಲ್ಲಿ ಸುಟ್ಟು ಸುಟ್ಟು ಗೆರೆಗಳೇ ಇರದ ಬೆರಳು.

"ಸಾಬವ್ವ, ಇದರಾಗ ಗುರುತೇ ಬೀಳಂಗಿಲ್ಲ. ಒತ್ತಿದ್ರೂ ಒತ್ತದಿದ್ರೂ ಒಂದೇ" ಅಂದ. ಒತ್ತಿದ.

ಸಾಹುಕಾರ ಬಂದಿದ್ದರೆ ನಾವು ಕಲ್ಲು ತೂರುತ್ತಿದ್ದೆವು. ಕಂಪನಿಯವರು ಬಂದಿದ್ದರೆ ಜೆಸಿಬಿಯ ಮುಂದೆ ಮಲಗುತ್ತಿದ್ದೆವು. ಹಿಂದೆ ಮಲಗಿದ್ದೆವು ಕೂಡ. ಬಂದವನು ನಮ್ಮವನು. ನಾವು ಅವನ ಜೆಸಿಬಿಗೆ ಕುಂಕುಮ ಹಚ್ಚಿ ಕಾಯಿ ಒಡೆದೆವು.

ವಾಡಿ ರಸ್ತೆಯ ಬದಿಗೆ, ಮರವೇ ಇಲ್ಲದ ಕಲ್ಲುಬಯಲಿನಲ್ಲಿ ತಗಡಿನ ಶೆಡ್ಡುಗಳು. ನಮ್ಮನ್ನು ಅಲ್ಲಿಗೆ ಸಾಗಿಸಿದರು. ಏಳು ಕಿಲೋಮೀಟರು ದೂರ. ಬೇಸಿಗೆಯಲ್ಲಿ ಆ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ಬಾಣಂತಿಯರು ಕೂಸುಗಳನ್ನು ಹೊತ್ತು ರಸ್ತೆಯ ಸೇತುವೆಯ ಕೆಳಗೆ ಕೂರುತ್ತಿದ್ದರು. ಎರಡು ದಿನಕ್ಕೊಮ್ಮೆ ನೀರಿನ ಟ್ಯಾಂಕರ್. ಎಂಟು ತಿಂಗಳಲ್ಲವೇ ಎಂದುಕೊಂಡೆವು.

ಹನ್ನೊಂದನೆಯ ತಿಂಗಳಿಗೆ ಪಾರ್ಕು ತೆರೆಯಿತು. ಗೇಟಿನ ಮೇಲೆ ಭಾಗಮ್ಮನ ಹೆಸರು. ಭಾಗಮ್ಮ ಸ್ಟೋನ್ ವಿಲೇಜ್. ನಾವು ಬಟ್ಟೆ ಒಗೆಯುತ್ತಿದ್ದ ನೀರಿನಲ್ಲಿ ದೋಣಿ ಓಡಾಡಿದವು. ನಬೀಸಾಬನ ಕುಲುಮೆ ಇದ್ದಲ್ಲಿ ಐಸ್‌ಕ್ರೀಮ್ ಅಂಗಡಿ. ಭವನ ಇದ್ದಲ್ಲಿ ಕಾರು ನಿಲ್ಲಿಸುವ ಜಾಗ. ಚಿತ್ರದ ಮೂಲೆಯಲ್ಲಿದ್ದ ಪಕ್ಕಾ ಮನೆಗಳು ಎದ್ದಿದ್ದವು. ಒಳಗೆ ಎಸಿ ಇತ್ತು. ಹೈದರಾಬಾದಿನಿಂದ, ಸೊಲ್ಲಾಪುರದಿಂದ ಬಂದವರು ಶನಿವಾರ ಭಾನುವಾರ ಅವುಗಳಲ್ಲಿ ಉಳಿಯುತ್ತಿದ್ದರು.

ಬಂದವರಿಗೆ ದೂಳು ಆಗುವುದಿಲ್ಲವೆಂದು ಸುತ್ತಲಿದ್ದ, ಫರಸಿ ನುಣುಪು ಮಾಡುವ ಪಾಲಿಶ್ ಮಷಿನ್‌ಗಳನ್ನು ಎತ್ತಿಸಿದರು. ಅಲ್ಲಿ ಕಲ್ಲು ಹೊರುತ್ತಿದ್ದ ನಮ್ಮ ಹೆಂಗಸರ ಕೆಲಸ ಹೋಯಿತು. ಪಾರ್ಕು ಬಂದಮೇಲೆ ಆಚೆ ಓಣಿಗಳಲ್ಲಿ ಜಾಗದ ರೇಟು ಏರಿತು. ಬಾಡಿಗೆಗಿದ್ದವರನ್ನು ಮಾಲೀಕರು ಬಿಡಿಸಿದರು. ಅವರೂ ಗಂಟುಮೂಟೆ ಕಟ್ಟಿಕೊಂಡು ನಮ್ಮ ಶೆಡ್ಡಿನ ಪಕ್ಕಕ್ಕೆ ಬಂದು ಗುಡಿಸಲು ಹಾಕಿದರು. ಪೇಪರಿನಲ್ಲಿ ಮಾತ್ರ ಬೇರೆ ಬರೆದಿತ್ತು. ಖಣಿಯ ಮಗ ಹುಟ್ಟಿದ ಕೇರಿಯನ್ನು ಉದ್ಧಾರ ಮಾಡಿದ ಎಂದು.

ನನಗೆ ಗೈಡ್ ಕೆಲಸ ಸಿಕ್ಕಿತು. ಕುತ್ತಿಗೆಗೆ ಗುರುತಿನ ಪಟ್ಟಿ ಹಾಕಿಕೊಂಡು, ಇಲ್ಲಿ ಕಾರ್ಮಿಕರು ಬದುಕುತ್ತಿದ್ದರು ಎಂದು ಬಂದವರಿಗೆ ಹೇಳಬೇಕು. ಬದುಕುತ್ತಿದ್ದರು. ನಮ್ಮ ಮನೆಯಂಥದೇ ಒಂದು ಮನೆ ಕಟ್ಟಿದ್ದರು, ತೋರಿಸುವುದಕ್ಕೆ. ಒಳಗೆ ಒಲೆ, ರೊಟ್ಟಿ ಬಡಿಯುವ ಕೊಣಮಿಗೆ, ಗೂಟಕ್ಕೆ ಹರಿದ ಸೀರೆ. ಮುಟ್ಟಬಾರದು ಎಂದು ಹಗ್ಗ ಕಟ್ಟಿದ್ದರು.

ಅವ್ವನಿಗೂ ಕೆಲಸ ಕೊಟ್ಟರು. ಅವಳೂ ಸೇರಿ ಆರು ಹೆಂಗಸರಿಗೆ. ಎಲ್ಲರಿಗೂ ಒಂದೇ ಬಣ್ಣದ ಹಸಿರು ಸೀರೆ. ಕೆಲಸ ಏನೆಂದರೆ, ಬಂದವರು ನೋಡುವಾಗ ತಲೆಯ ಮೇಲೆ ಕಲ್ಲು ಹೊತ್ತು ಮೆಟ್ಟಿಲು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಆ ಕಲ್ಲು ಕಲ್ಲಲ್ಲ. ಫೈಬರಿನದು. ಮೇಲೆ ಫರಸಿಯ ಬಣ್ಣ ಬಳಿದಿದ್ದರು. ಒಂದು ಬೆರಳಿನಿಂದ ಎತ್ತಬಹುದು.

ಮೊದಲ ದಿನ ಅವ್ವ ಅದನ್ನು ತಲೆಗಿಟ್ಟುಕೊಂಡು ತೂರಾಡಿಬಿಟ್ಟಳು. ಭಾರಕ್ಕೆಂದು ಕುತ್ತಿಗೆ ಗಟ್ಟಿ ಮಾಡಿಕೊಂಡಿದ್ದಳು. ಭಾರ ಬರಲೇ ಇಲ್ಲ.

ರಮೇಶಕುಮಾರ ಕೆಳಗೆ ನಿಂತು ಹೇಳಿದ. "ಸಾಬಮ್ಮ, ಹಂಗ ಸರಾಗ ನಡೀಬ್ಯಾಡ್ರಿ. ಸ್ವಲ್ಪ ತ್ರಾಸ ಆದಂಗ ಮಾರಿ ಮಾಡ್ರಿ. ಹಣಿ ವರಸ್ಕೋರಿ. ಮಂದಿಗಿ ಅನಸಬೇಕು."

ಅವ್ವ ಮುಖ ಕಿವುಚಿದಳು. ಒಣ ಹಣೆಯನ್ನು ಸೆರಗಿನಿಂದ ಒರೆಸಿದಳು. ಒಬ್ಬ ಹುಡುಗಿ ಫೋಟೋ ತೆಗೆದಳು. "ಸೋ ಸ್ಯಾಡ್" ಅಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಅವ್ವ ಎಂದು ಹೇಳಲಿಲ್ಲ.

ನಬೀಸಾಬನನ್ನೂ ಕರೆತಂದು ಸುಳ್ಳು ಕುಲುಮೆಯ ಮುಂದೆ ಕೂರಿಸಿದ್ದರು. ಬೆಂಕಿಯ ಬದಲು ಕೆಂಪು ದೀಪ. ಹತ್ತು ದಿನಕ್ಕೆ ತೆಗೆದರು. ಅವನ ಕೆಮ್ಮು ನಿಜದ್ದಾಗಿತ್ತು. ಕಫದಲ್ಲಿ ರಕ್ತ ಬರುತ್ತಿತ್ತು. ಮಕ್ಕಳು ಹೆದರುತ್ತಾರೆ ಎಂದು ದೂರು ಬಂತಂತೆ.

ಹೀಗೇ ವರ್ಷ ತುಂಬುತ್ತ ಬಂತು. ನಾನು ರಮೇಶಕುಮಾರನ ರೂಮಿಗೆ ಹೋಗಿ ಕೇಳಿದೆ. ನಮ್ಮ ಮನೆ ಎಲ್ಲಿ?

ಅವನು ಸಿಟ್ಟಾಗಲಿಲ್ಲ. ಫೈಲು ತೆಗೆದು ಆ ನಾಲ್ಕು ಪುಟ ನನ್ನ ಮುಂದಿಟ್ಟ. "ಇದರಾಗ ಮನಿ ಕೊಡ್ತೀವಿ ಅಂತ ಎಲ್ಲಿ ಬರದಾದ, ತೋರಸು. ನೀನೇ ಓದಿ ಹೇಳಿದ್ದಿ ಅಲ್ಲ?"

ನಾನು ಮತ್ತೆ ಓದಿದೆ. ಮೊದಲಿನಿಂದ ಕೊನೆಯವರೆಗೆ. ಎಲ್ಲಿಯೂ ಬರೆದಿರಲಿಲ್ಲ. ಮನೆ ಚಿತ್ರದಲ್ಲಿತ್ತು, ಕಾಗದದಲ್ಲಿರಲಿಲ್ಲ.

ಆ ಸಂಜೆ ಶೆಡ್ಡಿನಲ್ಲಿ ಅವ್ವನಿಗೆ ಎಲ್ಲ ಹೇಳಿದೆ. ಓದದೆ ಬಿಟ್ಟ ಸಾಲನ್ನೂ ಹೇಳಿದೆ. ಅವಳು ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ತನ್ನ ಬಲಗೈ ಹೆಬ್ಬೆರಳನ್ನು ತಗಡಿನ ಗೋಡೆಗೆ ಹಚ್ಚಿ ತಿಕ್ಕತೊಡಗಿದಳು. ಚರ್ಮ ಕಿತ್ತು ಬರುವವರೆಗೆ ತಿಕ್ಕಿದಳು. ನಾನು ಕೈ ಹಿಡಿದು ಎಳೆದೆ.

"ಎಂಬತ್ತು ಮನಿ ಜ್ಯೋತಿ" ಅಂದಳು. "ಎಂಬತ್ತು ಮನಿ ಬಾಗಲಿಗಿ ಹೋಗೀನಿ ನಾ."

ಸ್ಟೋನ್ ವಿಲೇಜಿನ ವರ್ಷ ತುಂಬಿದ ದಿನ ದೊಡ್ಡ ಸಮಾರಂಭ. ಭಾಗಮ್ಮನ ಕಂಚಿನ ಮೂರ್ತಿಯ ಅನಾವರಣ. ಪುಢಾರಿಗಳು ಬಂದರು. ಟಿವಿಯವರು ಬಂದರು. ಪರದೆ ಸರಿಸಿದರು. ಆಳೆತ್ತರದ ಎರಡರಷ್ಟು ಭಾಗಮ್ಮ. ಮುಖ ಅವಳದೇ. ತಲೆಯ ಮೇಲೆ ದೊಡ್ಡ ಚಪ್ಪಡಿ. ಬಿಸಿಲಿಗೆ ಹೊಳೆಯುತ್ತಿತ್ತು.

ಮೂರ್ತಿಯ ಎರಡೂ ಬದಿಗೆ ಆರು ಹೆಂಗಸರು ಫೈಬರ್ ಕಲ್ಲು ಹೊತ್ತು ನಿಂತಿರಬೇಕೆಂದು ಆಜ್ಞೆಯಾಗಿತ್ತು. ಎರಡು ತಾಸಿನಿಂದ ನಿಂತಿದ್ದರು. ಚೌಡೇಶ ಮೈಕು ಹಿಡಿದ. ದನಿ ನಡುಗುತ್ತಿತ್ತು. ಅದು ಸುಳ್ಳು ನಡುಕವಲ್ಲ. ಅವನಿಗೆ ತಾಯಿಯ ಮೇಲೆ ಪ್ರೀತಿಯಿತ್ತು. ನಮ್ಮ ಮೇಲೂ ಇತ್ತೋ ಏನೋ. ಪ್ರೀತಿ ಇರುವವನು ಕಾಗದದಲ್ಲಿ ಯಾಕೆ ಬರೆಯಲಿಲ್ಲ ಎಂಬುದು ನನಗೆ ಇಂದಿಗೂ ತಿಳಿದಿಲ್ಲ.

"ಈ ಮೂರ್ತಿ ನಮ್ಮವ್ವಂದು ಅಷ್ಟ ಅಲ್ಲ. ನನಗ ರೊಟ್ಟಿ ಉಣಿಸಿದ ಚಿಗವ್ವಂದೂ ಅದ. ಚಿಗವ್ವ, ಬಾ. ಮುಂದ ಬಾ."

ಅವ್ವ ಮುಂದೆ ಬಂದಳು. ತಲೆಯ ಮೇಲಿನ ಕಲ್ಲನ್ನು ತೆಗೆದು ನೆಲಕ್ಕೆ ಬಿಸಾಡಿದಳು. ಅದು ಒಡೆಯಲಿಲ್ಲ. ಖಾಲಿ ಡಬ್ಬಿಯಂತೆ ಸದ್ದು ಮಾಡಿ, ಪುಟಿದು, ಉರುಳಿ ಒಬ್ಬ ಪುಢಾರಿಯ ಬೂಟಿಗೆ ತಾಗಿ ನಿಂತಿತು.

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

"ಚೌಡ್ಯಾ" ಅಂದಳು ಅವ್ವ. ಮೈಕು ಅವನ ಕೈಯಲ್ಲಿತ್ತು. ಅವಳ ಮಾತೂ ಅದರಲ್ಲಿ ಕೇಳಿತು. "ನಿಮ್ಮವ್ವ ಸಾಯಾಕ ಮೂರು ದಿನ ಮೊದಲ ನನ್ನ ಕೈ ಹಿಡದು ಯಾನ್ ಅಂದಳು ಗೊತ್ತದೇನು ನಿನಗ? ಸಾಬವ್ವ, ಕಲ್ಲು ಇಳಸು ಅಂದಳು. ಹಾಸಿಗ್ಯಾಗ ಮಲಗಿದ್ಳು. ತಲಿ ಮ್ಯಾಲ ಯಾನೂ ಇದ್ದಿಲ್ಲ. ಆದ್ರೂ ಅಕಿಗಿ ಹೊತ್ತಂಗ ಅನಸ್ತಿತ್ತು. ಇಳಸು, ಇಳಸು ಅಂತ ಅನ್ಕೋತ ಸತ್ಳು. ನೀ ಕಂಚಿನ ಕಲ್ಲು ಹೊರಸಿ ಬಿಸಲಾಗ ನಿಂದರಸೀದಿ. ಇನ್ ಅಕಿ ಯಾವಾಗ ಇಳಸಬೇಕು?"

ಚೌಡೇಶನ ಮುಖ ಕುಸಿಯಿತು. ಮೈಕು ಕೈಬಿಟ್ಟ. ಮಗುವಿನಂತೆ ಅಳುತ್ತ ಅವ್ವನ ಕಾಲಿಗೆ ಬಿದ್ದ. ಕ್ಯಾಮೆರಾಗಳೆಲ್ಲ ಓಡಿ ಬಂದವು.

ಅವ್ವ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. "ಕಾಲು ಬಿಡು. ಮನಿ ಕೊಡು."

ಅವನು ಇನ್ನೂ ಜೋರಾಗಿ ಅತ್ತ.

"ಅಳಬ್ಯಾಡ. ನಿನ್ನ ಅಳು ನೋಡಾಕ ಬಂದಿಲ್ಲ ನಾ. ಎಂಬತ್ತು ಮನಿ ಮಂದಿ ತಗಡಿನಾಗ ಬೇಯಾಕತ್ತಾರ. ಮನಿ ಕೊಡು. ಇಲ್ಲಾಂದ್ರ ಆ ಕಾಗದ ಹರಿ. ನಾ ಇನ್ ಮ್ಯಾಲ ಈ ಸೋಗು ಹಾಕಂಗಿಲ್ಲ."

ಸೀರೆಯ ಸೆರಗಿಗೆ ಚುಚ್ಚಿದ್ದ ಪಾರ್ಕಿನ ಬಿಲ್ಲೆಯನ್ನು ಕಿತ್ತು ಅವನ ಬೆನ್ನ ಮೇಲಿಟ್ಟಳು. ನಡೆದುಬಿಟ್ಟಳು. ಉಳಿದ ಐದು ಹೆಂಗಸರು ಕಲ್ಲು ಹೊತ್ತು ಹಾಗೇ ನಿಂತಿದ್ದರು. ಒಬ್ಬಳು ಕಲ್ಲು ಇಳಿಸಲು ಕೈ ಎತ್ತಿದಳು. ರಮೇಶಕುಮಾರ ಅವಳ ಕಡೆ ನೋಡಿದ. ಕೈ ಕೆಳಗಿಳಿಯಿತು. ಅವಳಿಗೆ ಮೂವರು ಮಕ್ಕಳು.

ಕುರ್ಚಿಯಲ್ಲಿದ್ದವರು ಎದ್ದು ಚಪ್ಪಾಳೆ ಹೊಡೆದರು. ಯಾರಿಗೆ ಹೊಡೆದರೋ ತಿಳಿಯಲಿಲ್ಲ. ನಾನು ಕುತ್ತಿಗೆಯ ಪಟ್ಟಿ ತೆಗೆದಿಟ್ಟು ಅವ್ವನ ಹಿಂದೆ ಓಡಿದೆ.

ರಾತ್ರಿಯೊಳಗೆ ವಿಡಿಯೋ ಎಲ್ಲ ಕಡೆ ಹರಡಿತು. ಅದರಲ್ಲಿ ಅವ್ವ ಕಲ್ಲು ಬಿಸಾಡುವುದಿತ್ತು. ಭಾಗಮ್ಮನ ಮಾತು ಹೇಳುವುದಿತ್ತು. ಅವನು ಕಾಲಿಗೆ ಬೀಳುವುದಿತ್ತು. ಅಲ್ಲಿಗೆ ಮುಗಿದಿತ್ತು. ಮನಿ ಕೊಡು ಎಂಬ ಮಾತು ಇರಲಿಲ್ಲ. ತಗಡು ಇರಲಿಲ್ಲ. ಕಾಗದ ಇರಲಿಲ್ಲ. ತಾಯಂದಿರ ಕಣ್ಣೀರು ಒರೆಸುವ ಮಗ ಎಂದು ಕೆಳಗೆ ಬರೆದಿತ್ತು.

ಮರುವಾರದಿಂದ ಟ್ಯಾಂಕರ್ ಬರಲಿಲ್ಲ. ಯಾರು ನಿಲ್ಲಿಸಿದರೆಂದು ಯಾರೂ ಹೇಳಲಿಲ್ಲ. ಓಣಿಯವರು ನಮ್ಮ ಶೆಡ್ಡಿನ ಮುಂದೆ ಬಂದು ನಿಂತರು. ಕಲ್ಲು ಇಳಿಸಲು ಕೈ ಎತ್ತಿದ್ದವಳೇ ಮುಂದಿದ್ದಳು.

"ಮೊದಲ ಹೆಬ್ಬೆಟ್ಟು ಹಾಕ್ಸಿದಿ. ಈಗ ನೀರು ಬಂದ್ ಮಾಡ್ಸಿದಿ. ನಮ್ಮನ್ನ ಪೂರಾ ಕೊಂದು ಬಿಡ್ತಿ ನೀ."

ಅವ್ವ ಕೈಮುಗಿದು ನಿಂತಳು.

ನಾನು ಹಕ್ಕುಪತ್ರದ ಕಚೇರಿಗೆ ಹೋದೆ. ಗುಮಾಸ್ತ ಕಂಪ್ಯೂಟರ್ ನೋಡಿದ. "ಅರ್ಜಿ ವಾಪಸ್ ತಗೊಂಡೀರಿ ನೀವು. ಸ್ವಇಚ್ಛೆಯಿಂದ ಅಂತ ಅದ. ಪಟ್ಟಿನ್ಯಾಗಿಂದ ಹೆಸರು ತೆಗದಾರ. ನಾ ಏನ್ ಮಾಡ್ಲಿ?" ಹೊಸದಾಗಿ ಅರ್ಜಿ ಕೊಡುತ್ತೇವೆ ಅಂದೆ. ಯಾವ ಮನೆಗೆ ಎಂದು ಕೇಳಿದ. ಮನೆ ಇಲ್ಲ ಅಂದೆ. "ಇಲ್ಲದ ಮನಿಗಿ ಹಕ್ಕುಪತ್ರ ಹ್ಯಾಂಗ ಕೊಡಾಕ ಬರ್ತದಮ್ಮ?" ಅಂದ. ಹೊರಡುವಾಗ ಕರೆದ. "ಖಣಿ ಚೌಡೇಶ ನಿಮ್ಮ ಓಣ್ಯಾವ ಅಲ್ಲ? ನನ್ನ ಮಗಳಿಗಿ ಅವನ ಹಾಡಿನ ಹುಚ್ಚು ಭಾಳ ಅದ. ಒಂದು ಫೋಟೋ ತೆಗಿಸಿ ಕೊಡ್ತೇನು?"

ಮೇ ತಿಂಗಳಲ್ಲಿ ನಬೀಸಾಬ್ ಸತ್ತ. ಮಧ್ಯಾಹ್ನ, ತಗಡಿನ ಕೆಳಗೆ. ಮೈ ತೊಳೆಯಲು ನೀರಿರಲಿಲ್ಲ. ಅವ್ವ ಕೊಡ ಹಿಡಿದು ಹೊರಟಳು. ಹೆಬ್ಬೆಟ್ಟಿಗೆ ಹೋದ ಹಾಗೆಯೇ ಒಂದೊಂದು ಬಾಗಿಲಿಗೂ ಹೋದಳು. ಬೈದವರೂ ಒಂದೊಂದು ಚೊಂಬು ಸುರಿದರು. ದೂರದಿಂದ ಹೊತ್ತು ತಂದು ಕುಡಿಯಲು ಇಟ್ಟಿದ್ದ ನೀರು. ಯಾರೂ ಇಲ್ಲವೆನ್ನಲಿಲ್ಲ. ಯಾರೂ ಅವಳ ಮುಖ ನೋಡಲಿಲ್ಲ. ಕೊಡ ತುಂಬುವಷ್ಟು ಆಗಲಿಲ್ಲ. ಇದ್ದಷ್ಟರಲ್ಲೇ ತೊಳೆದು ಮಣ್ಣು ಮಾಡಿದರು.

ಈಗ ಪಾಲಿಶ್ ಮಷಿನ್‌ಗಳು ವಾಡಿಯ ಆಚೆಗೆ, ಚಿತ್ತಾಪುರ ರಸ್ತೆಗೆ ಹೋಗಿವೆ. ಅವ್ವ ಅಲ್ಲಿಗೆ ಹೋಗುತ್ತಾಳೆ. ನಾನೂ ಹೋಗುತ್ತೇನೆ. ನಿಜವಾದ ಕಲ್ಲು. ಮೊದಲ ವಾರ ನನ್ನ ಕುತ್ತಿಗೆ ತಿರುಗುತ್ತಿರಲಿಲ್ಲ. ಕಲ್ಲಿನ ಅಂಚು ಅಂಗೈ ಸೀಳುತ್ತದೆ. ಪಾಲಿಶಿನ ಬಿಳಿ ಕೆಸರಿನಲ್ಲಿ ದಿನವಿಡೀ ನಿಂತು ಕಾಲ್ಬೆರಳಿನ ಸಂದುಗಳು ಕೊಳೆಯುತ್ತವೆ. ಒಂದು ಟಂಟಂ ಗಾಡಿ ಬೆಳಿಗ್ಗೆ ಶೆಡ್ಡಿನ ಬಳಿ ಬಂದು ನಮ್ಮನ್ನು ತುಂಬಿಕೊಂಡು ಹೋಗುತ್ತದೆ. ಹನ್ನೆರಡು ಹೆಂಗಸರು ಒಬ್ಬರ ತೊಡೆಯ ಮೇಲೊಬ್ಬರು.

ಹೋದ ಸೋಮವಾರದ ಮಾತು. ಗಾಡಿಯವನು ಹೊಸ ಸ್ಪೀಕರ್ ಹಾಕಿಸಿದ್ದ. ವಾಡಿ ದಾಟಿದ ಮೇಲೆ ಒಂದು ಹಾಡು ಹಚ್ಚಿದ. ಧಡ್ ಧಡ್ ಎಂದು ತಾಳ. ಚೌಡೇಶನ ದನಿ. ನಡುವೆ ತಾಳ ನಿಂತಿತು. ಒಂದು ಹೆಣ್ಣಿನ ದನಿ ಬಂತು. ಇಳಸು, ಇಳಸು ಅಂತ ಅನ್ಕೋತ ಸತ್ಳು. ಇನ್ ಅಕಿ ಯಾವಾಗ ಇಳಸಬೇಕು? ಮತ್ತೆ ತಾಳ. ಮತ್ತೆ ಅದೇ ದನಿ. ಯಾವಾಗ ಇಳಸಬೇಕು? ಯಾವಾಗ, ಯಾವಾಗ, ಯಾವಾಗ?

ಅದು ಅವ್ವನ ದನಿ. ಸಮಾರಂಭದ ಮೈಕಿನಿಂದ ತೆಗೆದು ಹಾಡಿಗೆ ಹೊಲಿದಿದ್ದರು.

ಅವ್ವ ಕಿವಿಗೊಟ್ಟು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಜ್ಯೋತಿ, ಇದು ನಾ ಅದೀನಲ್ಲ?"

"ಹೂಂ ಎವ್ವಾ."

"ನನ್ನ ಕೇಳಿದ್ದಿಲ್ಲಲ್ಲ ಅವ."

ಅವಳು ಮುಂದೆ ಬಾಗಿ ಗಾಡಿಯವನ ಭುಜ ತಟ್ಟಿದಳು. "ತಮ್ಮಾ, ಅದನ್ನ ಬಂದ್ ಮಾಡು."

ಅವನು ಹಿಂದೆ ನೋಡದೆ ನಕ್ಕ. "ನಮ್ಮ ಶಾಬಾದ್ ಹುಡುಗನ ಹಾಡು ಆಯಿ ಅದು. ನಿನಗ ತಿಳಿಯಂಗಿಲ್ಲ, ಸುಮ್ನ ಕುಂದ್ರು." ಸದ್ದು ಇನ್ನೂ ಏರಿಸಿದ.

"ಗಾಡಿ ನಿಂದರಸು."

"ಯಾಕ?"

"ನಿಂದರಸು ಅಂದೆ."

ನಿಂತಿತು. ಅವ್ವ ಇಳಿದಳು. ನಾನೂ ಇಳಿದೆ. ಉಳಿದವರು ನಮ್ಮನ್ನು ನೋಡುತ್ತ ಹೋದರು. ಹಾಡು ಬಹಳ ದೂರದವರೆಗೆ ಕೇಳಿಸಿತು.

ಐದು ಕಿಲೋಮೀಟರು ನಡೆದೆವು. ಸಿಮೆಂಟಿನ ಲಾರಿಗಳು ಪಕ್ಕದಲ್ಲಿ ಹಾಯುತ್ತಿದ್ದವು. ಅವ್ವನ ಮೊಣಕಾಲು ಊದಿಕೊಂಡಿತ್ತು. ನಡುವೆ ಎರಡು ಸಲ ರಸ್ತೆಯ ಬದಿಗೆ ಕುಂತಳು. ಅಲ್ಲಿಗೆ ಮುಟ್ಟುವ ಹೊತ್ತಿಗೆ ಒಂಬತ್ತೂವರೆ. ಗೇಟು ಹಾಕಿತ್ತು. ಒಳಗೆ ಮಷಿನ್ ತಿರುಗುತ್ತಿತ್ತು. ಕಾವಲುಗಾರ ಕಿಂಡಿಯಿಂದ ನೋಡಿದ.

"ನಿಮ್ಮ ಜಾಗಕ್ಕ ಬ್ಯಾರೆಯವರನ್ನ ತಗೊಂಡಾರ ಇವತ್ತ. ನಾಳಿ ಬರ್ರಿ. ಟೈಮಿಗಿ ಬರ್ರಿ."

ಅವ್ವ ಗೇಟಿನ ಎದುರಿನ ಮೋಟುಗೋಡೆಯ ಮೇಲೆ ಕುಂತು ರೊಟ್ಟಿಯ ಗಂಟು ಬಿಚ್ಚಿದಳು. ನನಗೊಂದು ಕೊಟ್ಟಳು. ತಾನು ತಿನ್ನಲಿಲ್ಲ. ಬಂದ ದಾರಿಯನ್ನೇ ನೋಡುತ್ತಿದ್ದಳು.

"ನಾಳಿಗೂ ಆ ಗಾಡಿ ಹತ್ತಂಗಿಲ್ಲ ನಾ" ಅಂದಳು.

"ಮತ್ತ ಹ್ಯಾಂಗ ಬರೋದು ಎವ್ವಾ? ಶೆಡ್ಡಿನಿಂದ ಹದಿನೈದು ಕಿಲೋಮೀಟರ್ ಆಗ್ತದ."

"ಮೂರು ಗಂಟಿಗಿ ಏಳಬೇಕು" ಅಂದಳು.

ನಾನು ಹೂಂ ಅಂದೆ.